ಶೀಶಾ ಹೊಗೆ: ಕೆಂಡ ಹಿಡಿದವನನ್ನು ಮರೆತ ಚರ್ಚೆ

ಲಂಡನ್ನಿನ ಮಾರ್ಬಲ್ ಆರ್ಚ್‌ನಿಂದ ಉತ್ತರಕ್ಕೆ ಸಾಗುವ ಎಡ್ಜ್‌ವೇರ್ ರಸ್ತೆಯಲ್ಲಿ ಸಂಜೆಯ ವೇಳೆ ನಡೆದುಹೋದರೆ ಇಂಗ್ಲೆಂಡಿನಲ್ಲಿದ್ದೇವೆ ಎಂಬುದೇ ಅರೆಗಳಿಗೆ ಮರೆತುಹೋಗುತ್ತದೆ. ಅಂಗಡಿಗಳ ಫಲಕಗಳ ಮೇಲೆ ಅರಬ್ಬೀ ಲಿಪಿ, ಗಾಜಿನ ಆಚೆ ಸರಳಿಗೆ ಚುಚ್ಚಿ ಬೆಂಕಿಯೆದುರು ತಿರುಗುತ್ತಿರುವ ಮಾಂಸ, ಹೊರಗೆ ಸಾಲಾಗಿ ಇಟ್ಟ ಕುರ್ಚಿಗಳು, ಅವುಗಳ ಪಕ್ಕದಲ್ಲಿ ಉದ್ದ ಕೊರಳಿನ ಗಾಜಿನ ಹುಕ್ಕಾಗಳು. 1975ರಿಂದ 1990ರವರೆಗೆ ಲೆಬನಾನನ್ನು ಸುಟ್ಟ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಇಲ್ಲಿ ಒಲೆ ಹೂಡಿದರು. ಅವರ ಹಿಂದೆ ಮುಂದೆ ಈಜಿಪ್ಟ್, ಇರಾಕ್, ಮೊರಾಕೊಗಳಿಂದಲೂ ಜನ ಬಂದರು. ತಮ್ಮವರ ಹಸಿವು ನೀಗಲೆಂದು ಹುಟ್ಟಿದ ಭೋಜನಶಾಲೆಗಳು ಕ್ರಮೇಣ ಊರಿನವರಿಗೂ ಪ್ರವಾಸಿಗರಿಗೂ ವಿಹಾರದ ತಾಣಗಳಾದವು.

ಇಂತಹ ‘ಮೊರಾಕನ್ ಮತ್ತು ಲೆಬನೀಸ್’ ಭೋಜನಶಾಲೆಯ ಒಂದು ರಾತ್ರಿಗೆ ಒಂದು ನಿಶ್ಚಿತ ಕ್ರಮವಿದೆ. ಮೊದಲು ಪುಟ್ಟ ತಟ್ಟೆಗಳಲ್ಲಿ ಮೆಜ್ಜೆ: ಅರೆದ ಕಡಲೆಯ ಹಮ್ಮಸ್, ಪಾರ್ಸ್ಲಿ ಸೊಪ್ಪಿನ ತಬ್ಬೂಲೆ, ಸುಟ್ಟ ಬದನೆಯ ಬಾಬಾ ಗನೂಜ್. ಬಳಿಕ ಮಣ್ಣಿನ ಮುಚ್ಚಳದಡಿ ನಿಧಾನವಾಗಿ ಬೆಂದ ತಾಜೀನ್, ಜೊತೆಗೆ ಕುಸ್‌ಕುಸ್. ಅದಾದ ಮೇಲೆ ಪುದೀನ ಚಹಾ, ಸೇಬು ಅಥವಾ ದ್ರಾಕ್ಷಿ ಸುವಾಸನೆಯ ಶೀಶಾ. ರಾತ್ರಿ ಏರಿದಂತೆ ತಬಲಾದ ಬಂಧುವಿನಂತಿರುವ ದರ್ಬುಕಾ ವಾದ್ಯದ ಸದ್ದು, ಮೇಜುಗಳ ನಡುವೆ ನರ್ತಕಿಯ ಪ್ರವೇಶ. ಊಟ, ಹೊಗೆ, ಮನರಂಜನೆ: ಮೂರೂ ಒಂದೇ ಬಿಲ್ಲಿನಲ್ಲಿ. ಈ ಮೂರರಲ್ಲಿ ಹೊಗೆಯನ್ನು ಮಾತ್ರ ಕಾನೂನು ಹಿಡಿದು ನಿಲ್ಲಿಸತೊಡಗಿ ಈಗ ಸುಮಾರು ಎರಡು ದಶಕಗಳಾಗಿವೆ. ಲಂಡನ್, ಬೈರೂತ್, ಕೊನೆಗೆ ಬೆಂಗಳೂರು ಕೂಡ ಈ ಹಾದಿಯಲ್ಲಿ ಸಾಗಿವೆ. ಹೊಗೆ ತೆಗೆದರೆ ಸಂಸ್ಕೃತಿಯೇ ಹೋದೀತು ಎಂಬ ಆಕ್ಷೇಪದಲ್ಲಿ ಎಷ್ಟು ಹುರುಳಿದೆ? ನಿಷೇಧದಿಂದ ಯಾರಿಗೆ ರಕ್ಷಣೆ ದೊರೆತಿದೆ?

ಎರಡು ಅಡುಗೆಮನೆ, ಒಂದು ಫಲಕ

ಮೊದಲಿಗೆ ಸಂಸ್ಕೃತಿಯ ಮಾತು. ಬೈರೂತ್‌ಗೂ ಕಾಸಾಬ್ಲಾಂಕಾಗೂ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ಅಂತರವಿದೆ. ಲೆಬನಾನ್ ನಾಲ್ಕು ಶತಮಾನಗಳ ಕಾಲ ಆಟೊಮನ್ ಸಾಮ್ರಾಜ್ಯದ ನೆರಳಿನಲ್ಲಿತ್ತು. ಕಾಫಿಖಾನೆಯಲ್ಲಿ ಕುಳಿತು ಹುಕ್ಕಾ ಸೇದುವ ರೂಢಿ ಅಲ್ಲಿಗೆ ಬಂದದ್ದು ಆ ಕಾಲದಲ್ಲಿ. ಮೊರಾಕೊ ಎಂದೂ ಆಟೊಮನ್ನರ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ಅಲ್ಲಿನ ಆತಿಥ್ಯದ ಸಂಕೇತ ಎತ್ತರದಿಂದ ಲೋಟಕ್ಕೆ ಸುರಿಯುವ ಪುದೀನ ಚಹಾ. ಶೀಶಾ ಅಲ್ಲಿಗೆ ಈಚೆಗೆ ಬಂದ ಅತಿಥಿ. ಕಾಸಾಬ್ಲಾಂಕಾದಂತಹ ನಗರಗಳಲ್ಲಿ ಶೀಶಾ ಕೆಫೆಗಳ ಮೇಲೆ ಆಡಳಿತವೇ ಆಗಾಗ ದಾಳಿ ನಡೆಸುತ್ತದೆ. ಸೊಂಟ ಕುಣಿಸುವ ನೃತ್ಯದ ಬೇರು ಕೂಡ ಈಜಿಪ್ಟ್ ಮತ್ತು ಪೂರ್ವ ಮೆಡಿಟರೇನಿಯನ್ ಕಡೆಯದು. 2020ರಲ್ಲಿ ಯುನೆಸ್ಕೊ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದ್ದು ಮೊರಾಕೊ, ಅಲ್ಜೀರಿಯಾ, ಟುನೀಷಿಯಾ ಹಾಗೂ ಮಾರಿಟೇನಿಯಾಗಳ ಕುಸ್‌ಕುಸ್ ಅಡುಗೆಯನ್ನು.

ಅಂದರೆ ‘ಮೊರಾಕನ್-ಲೆಬನೀಸ್’ ಎಂಬ ಫಲಕದಡಿ ನಾವು ಕಾಣುವ ಜೋಡಣೆ ಬೈರೂತ್‌ನದೂ ಅಲ್ಲ, ಮರಾಕೇಶಿನದೂ ಅಲ್ಲ. ವಲಸಿಗರ ನಗರಗಳಲ್ಲಿ, ಗಿರಾಕಿಯ ಕಲ್ಪನೆಯ ಅರಬ್ ಲೋಕಕ್ಕೆ ತಕ್ಕಂತೆ ಹೊಂದಿಸಿದ ವ್ಯಾಪಾರದ ವಿನ್ಯಾಸವದು. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಊರುಗಳ ‘ಉತ್ತರ ಭಾರತೀಯ ಮತ್ತು ಚೈನೀಸ್’ ಫಲಕಗಳ ಕಥೆಯೂ ಇಷ್ಟೇ. ಆದರೆ ಇಂತಹ ಜೋಡಣೆಯನ್ನು ಮುಟ್ಟಲಾಗದ ಪರಂಪರೆ ಎಂದು ವಾದಿಸುವಾಗ ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ. ಇಂದು ಯುವಜನರನ್ನು ಸೆಳೆಯುತ್ತಿರುವ ಹಣ್ಣಿನ ಸುವಾಸನೆಯ ಸಿಹಿ ತಂಬಾಕು ವಾಣಿಜ್ಯ ಪ್ರಮಾಣದಲ್ಲಿ ಹರಡಿದ್ದೇ 1990ರ ದಶಕದ ನಂತರ.

ಈ ಕೊಳವೆಯ ಚರಿತ್ರೆಯಲ್ಲಿ ನಮ್ಮ ನೆಲದ ಪಾಲೂ ಇದೆ ಎಂಬುದು ಕುತೂಹಲಕರ. ಲೆಬನಾನಿನಲ್ಲಿ ಹುಕ್ಕಾವನ್ನು ‘ಅರ್ಗೀಲೆ’ ಎನ್ನುತ್ತಾರೆ. ತೆಂಗಿನಕಾಯಿಗೆ ಪರ್ಷಿಯನ್ನರು ಹೇಳುವ ‘ನಾರ್ಗೀಲ್’ ಅದರ ಮೂಲ. ಅದರ ಬೇರು ನಮಗೆ ಪರಿಚಿತವಾದ ‘ನಾರಿಕೇಳ’. ಹಿಂದೆ ನೀರು ತುಂಬುವ ಬುಡವಾಗಿ ಬಳಸುತ್ತಿದ್ದುದು ತೆಂಗಿನ ಚಿಪ್ಪನ್ನೇ. ಹದಿನೇಳನೆಯ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿಗಳ ಬಿಜಾಪುರಕ್ಕೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್, ಅಲ್ಲಿ ಕಂಡ ತಂಬಾಕನ್ನು ಕೊಂಡೊಯ್ದು ಅಕ್ಬರನಿಗೆ ಒಪ್ಪಿಸಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಚಕ್ರವರ್ತಿ ಎರಡು ದಂ ಎಳೆದಾಗ ಆಸ್ಥಾನ ವೈದ್ಯ ಆಕ್ಷೇಪಿಸಿದನಂತೆ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇವನೆಯನ್ನೇ ನಿಷೇಧಿಸಿದ. ನಿಷೇಧದ ಗತಿ ಏನಾಯಿತೆಂಬುದನ್ನು ಮುಂದಿನ ನಾಲ್ಕು ಶತಮಾನಗಳೇ ಹೇಳುತ್ತವೆ.

ಲಂಡನ್: ಅರ್ಧ ಗೋಡೆಯ ನ್ಯಾಯ

ಇಂಗ್ಲೆಂಡಿನಲ್ಲಿ 2006ರ ಆರೋಗ್ಯ ಕಾಯ್ದೆಯಡಿ 2007ರ ಜುಲೈ 1ರಿಂದ ಮುಚ್ಚಿದ ಸಾರ್ವಜನಿಕ ಸ್ಥಳ ಹಾಗೂ ಕೆಲಸದ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಯಿತು. ಸಾಂಸ್ಕೃತಿಕ ಕಾರಣಕ್ಕೆ ಶೀಶಾಗೆ ವಿನಾಯಿತಿ ನೀಡಬೇಕೆಂದು ಎಡ್ಜ್‌ವೇರ್ ರಸ್ತೆಯ ಮಾಲೀಕರು ಮೊರೆಯಿಟ್ಟರು. ಸರ್ಕಾರ ಒಪ್ಪಲಿಲ್ಲ. ಆದರೆ ಅದೇ ನಿಯಮಾವಳಿಯಲ್ಲಿ ರಂಗದ ಮೇಲಿನ ನಟನಿಗೆ ಕಲೆಯ ಅಗತ್ಯದ ಹೆಸರಿನಲ್ಲಿ, ಸಿಗಾರ್ ಅಂಗಡಿಯ ಗಿರಾಕಿಗೆ ರುಚಿ ನೋಡುವ ಹೆಸರಿನಲ್ಲಿ ಸೀಮಿತ ವಿನಾಯಿತಿಗಳು ಸಿಕ್ಕವು. ವಲಸಿಗರ ಕೊಳವೆಗೊಂದು ನ್ಯಾಯ, ಸಿರಿವಂತರ ಸಿಗಾರಿಗೊಂದು ನ್ಯಾಯವೇ ಎಂಬ ಪ್ರಶ್ನೆ ಆಗ ಎದ್ದಿದ್ದರೆ ಅಚ್ಚರಿಯಿಲ್ಲ.

ಕಾನೂನು ಇನ್ನೊಂದು ಕಿಂಡಿಯನ್ನೂ ಬಿಟ್ಟಿತ್ತು. ಚಾವಣಿಯಿರುವ ಜಾಗದ ಗೋಡೆಗಳಲ್ಲಿ ಅರ್ಧಕ್ಕಿಂತ ಕಡಿಮೆ ತೆರೆದಿದ್ದರೆ ಮಾತ್ರ ಅದು ‘ಬಹುತೇಕ ಮುಚ್ಚಿದ’ ಸ್ಥಳ. ಹೀಗಾಗಿ ಶೀಶಾ ಒಳಮನೆಯಿಂದ ಹಿತ್ತಿಲಿಗೆ, ಅಂಗಳಕ್ಕೆ, ಪಾದಚಾರಿ ಮಾರ್ಗಕ್ಕೆ ಸರಿಯಿತು. ಎರಡು ಕಡೆ ಪರದೆ, ಮೇಲೊಂದು ಗುಡಾರ, ಚಳಿಗಾಲಕ್ಕೆ ಬಿಸಿಗಾಳಿಯ ಯಂತ್ರ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತಪ್ಪು ಮಾಡಿದ ಮಾಲೀಕನಿಗೆ 2,500 ಪೌಂಡ್‌ವರೆಗೆ ದಂಡವಿದ್ದರೂ, ಪರದೆ ಯಾವಾಗ ಇಳಿದಿತ್ತು, ಯಾವಾಗ ಏರಿತ್ತು ಎಂದು ಅಳೆಯುವುದೇ ಸ್ಥಳೀಯ ಆಡಳಿತದ ಇನ್ಸ್‌ಪೆಕ್ಟರುಗಳ ಪಾಡಾಯಿತು. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಒಳಗೆ ಕುಳಿತು ಉಣ್ಣುವವರ ಮೇಜು ಹೊಗೆಯಿಂದ ಮುಕ್ತವಾಯಿತು. ಎಡ್ಜ್‌ವೇರ್ ರಸ್ತೆಯ ಅಡುಗೆಮನೆಗಳು ಮುಚ್ಚಲಿಲ್ಲ.

ಬೈರೂತ್: ಕಾಗದದ ಮೇಲಿನ ಕಾನೂನು

ಅರ್ಗೀಲೆಯ ತವರಾದ ಲೆಬನಾನ್ ಕೂಡ ಸುಮ್ಮನಿರಲಿಲ್ಲ. ಅಲ್ಲಿನ ಸಂಸತ್ತು 2011ರಲ್ಲಿ ಅಂಗೀಕರಿಸಿದ 174ನೇ ಕಾನೂನು 2012ರ ಸೆಪ್ಟೆಂಬರ್‌ನಿಂದ ಭೋಜನಶಾಲೆಗಳಿಗೂ ಅನ್ವಯವಾಯಿತು. ಮೊದಲ ಕೆಲವು ತಿಂಗಳು ತಪಾಸಣೆ ಬಿಗಿಯಾಗಿತ್ತು. ವ್ಯಾಪಾರ ಕುಸಿಯಿತೆಂದು ಮಾಲೀಕರು ಬೀದಿಗಿಳಿದರು. ಮೆಲ್ಲನೆ ತಪಾಸಣೆ ಸಡಿಲವಾಯಿತು, ಕೊಳವೆಗಳು ಒಳಗಿನ ಮೇಜಿಗೆ ಮರಳಿದವು. 2019ರ ಆರ್ಥಿಕ ಕುಸಿತ, 2020ರ ಆಗಸ್ಟ್ 4ರ ಬಂದರು ಸ್ಫೋಟಗಳ ನಂತರ ಆ ದೇಶಕ್ಕೆ ಹೊಗೆಯ ಮೇಲೆ ಕಣ್ಣಿಡುವ ವ್ಯವಧಾನವಾದರೂ ಎಲ್ಲಿಯದು?

ವಿಪರ್ಯಾಸವೆಂದರೆ, ಹುಕ್ಕಾ ಹೊಗೆಯ ಕುರಿತ ಜಗತ್ತಿನ ಮಹತ್ವದ ಸಂಶೋಧನೆಗಳಲ್ಲಿ ಹಲವು ನಡೆದಿರುವುದು ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲೇ. ನೀರಿನಲ್ಲಿ ಹಾದುಬಂದ ಹೊಗೆ ಶುದ್ಧವಾಗುತ್ತದೆ ಎಂಬ ನಂಬಿಕೆ ಸುಳ್ಳು. ಒಂದು ಗಂಟೆಯ ಹುಕ್ಕಾ ಸೇವನೆಯಲ್ಲಿ ಒಳಹೋಗುವ ಹೊಗೆಯ ಪ್ರಮಾಣ ಒಂದು ಸಿಗರೇಟಿನ ಹೊಗೆಯ 100ರಿಂದ 200 ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ತಂಬಾಕಿಲ್ಲದ ‘ಗಿಡಮೂಲಿಕೆ’ ಶೀಶಾದಲ್ಲೂ ಉರಿಯುವುದು ಇದ್ದಿಲೇ. ಅದು ಕಾರುವ ಕಾರ್ಬನ್ ಮಾನಾಕ್ಸೈಡ್‌ಗೆ ಸೇಬು, ದ್ರಾಕ್ಷಿಗಳ ಭೇದವಿಲ್ಲ.

ಕರ್ನಾಟಕ: ಪೂರ್ಣ ಬಾಗಿಲು

ನಮ್ಮ ರಾಜ್ಯ ಹಿಡಿದದ್ದು ಕಠಿಣ ದಾರಿ. ಭೋಜನಶಾಲೆಯ ಧೂಮಪಾನ ವಲಯದಲ್ಲಿ ಹುಕ್ಕಾ ನೀಡಲು ಅಡ್ಡಿಯಿಲ್ಲ ಎಂದು 2014ರಲ್ಲಿ ಮುಂಬೈಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2017ರ ಡಿಸೆಂಬರ್‌ನಲ್ಲಿ ಅದೇ ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ 14 ಜನ ಬೆಂಕಿಗೆ ಬಲಿಯಾದಾಗ, ಹುಕ್ಕಾದ ಕೆಂಡದಿಂದ ಹಾರಿದ ಕಿಡಿಯೇ ಕಾರಣವಿರಬಹುದೆಂದು ಅಗ್ನಿಶಾಮಕ ದಳದ ತನಿಖೆ ಬೊಟ್ಟು ಮಾಡಿತು. 2018ರಲ್ಲಿ ಮಹಾರಾಷ್ಟ್ರ ಹುಕ್ಕಾ ಪಾರ್ಲರುಗಳನ್ನು ನಿಷೇಧಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಅದೇ ತಿಂಗಳು ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಗಿಡಮೂಲಿಕೆಯ ವಾದವನ್ನೂ ಮುಂದಿಟ್ಟು ನ್ಯಾಯಾಲಯದ ಮೆಟ್ಟಿಲೇರಿದ ಮಾಲೀಕರ ಅರ್ಜಿಗಳನ್ನು ಹೈಕೋರ್ಟ್ ಏಪ್ರಿಲ್‌ನಲ್ಲಿ ವಜಾಗೊಳಿಸಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತ ಕಾಯ್ದೆಯಡಿ ಹುಕ್ಕಾ ಬಾರ್ ನಡೆಸಿದವರಿಗೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಒಂದು ಲಕ್ಷ ರೂಪಾಯಿ ದಂಡ. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 21ಕ್ಕೆ ಏರಿತು.

ಉದ್ದೇಶ ಒಳ್ಳೆಯದೇ. ಆದರೆ 30 ಅಥವಾ ಹೆಚ್ಚು ಆಸನಗಳ ಭೋಜನಶಾಲೆಯಲ್ಲಿ ಸಿಗರೇಟಿಗಾಗಿ ಪ್ರತ್ಯೇಕ ಜಾಗಕ್ಕೆ ಅವಕಾಶ ಉಳಿದೇ ಇದೆ. ಲಂಡನ್ನಿನ ಸಿಗಾರಿನ ವಿನಾಯಿತಿಗೂ ಇದಕ್ಕೂ ವ್ಯತ್ಯಾಸ ದೊಡ್ಡದೇನಲ್ಲ. ಕೊಳವೆಯ ಹೊಗೆ ವಿಷವಾದರೆ ಕಡ್ಡಿಯ ಹೊಗೆ ಅಮೃತವೇ?

ಚರ್ಚೆಯಲ್ಲಿ ಇಲ್ಲದವನು

ಈ ಮೂರೂ ಊರುಗಳ ವಾದ-ವಿವಾದದಲ್ಲಿ ಎರಡೇ ದನಿಗಳು ಎದ್ದು ಕೇಳಿದವು: ನಷ್ಟದ ಲೆಕ್ಕ ಹೇಳುವ ಮಾಲೀಕ, ಸ್ವಾತಂತ್ರ್ಯದ ಮಾತಾಡುವ ಗಿರಾಕಿ. ಮೂರನೆಯವನೊಬ್ಬನಿದ್ದಾನೆ. ಮೂಲೆಯ ಒಲೆಯಲ್ಲಿ ಇದ್ದಿಲು ಕೆಂಪಾಗಿಸಿ, ಇಕ್ಕಳದಲ್ಲಿ ಹಿಡಿದು, ಒಂದೊಂದೇ ಮೇಜಿಗೆ ಹೋಗಿ ಹಳೆಯ ಕೆಂಡ ತೆಗೆದು ಹೊಸದಿಡುವವನು. ಕೊಳವೆ ಸರಿಯಾಗಿ ಎಳೆಯುತ್ತಿದೆಯೇ ಎಂದು ನೋಡಲು ಮೊದಲ ದಂ ಎಳೆಯುವವನೂ ಬಹಳ ಕಡೆ ಅವನೇ. ಗಿರಾಕಿ ವಾರಕ್ಕೊಮ್ಮೆ ಒಂದು ಗಂಟೆ ಕುಳಿತು ಎದ್ದು ಹೋಗುತ್ತಾನೆ. ಇವನು ವಾರವಿಡೀ, ರಾತ್ರಿಯಿಡೀ ಅದೇ ಗಾಳಿಯಲ್ಲಿರುತ್ತಾನೆ. ಮೇಜುಗಳ ನಡುವೆ ಕುಣಿದು ಉಸಿರುಗಟ್ಟುವ ನರ್ತಕಿಗೂ, ಹಾಡುಗಾರನಿಗೂ ಆ ಗಾಳಿಯೇ ಗತಿ.

2007ರ ಇಂಗ್ಲೆಂಡಿನ ಕಾನೂನಿನ ಬಲವಾದ ಸಮರ್ಥನೆಯೇ ಕೆಲಸಗಾರರ ಆರೋಗ್ಯವಾಗಿತ್ತು. ಆದರೆ ಅರ್ಧ ಪರದೆಯ ಗುಡಾರದಲ್ಲಿ ಆ ರಕ್ಷಣೆ ಅರ್ಧಕ್ಕೇ ನಿಂತಿತು. ಬೈರೂತ್‌ನಲ್ಲಿ ಅದು ಕೆಲವೇ ತಿಂಗಳು ಬಾಳಿತು. ನಮ್ಮಲ್ಲಿ ನಿಷೇಧದ ಸಮರ್ಥನೆಯೆಲ್ಲ ಯುವಜನರ ಆರೋಗ್ಯದ ಸುತ್ತ ನಡೆಯಿತು. ಬಾಗಿಲು ಹಾಕಿದ ಮರುದಿನ ಕೆಂಡ ಹಿಡಿದವನು ಎಲ್ಲಿಗೆ ಹೋದ ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ನಿಷೇಧಿತ ದಂಧೆ ಕದ್ದುಮುಚ್ಚಿ ನಡೆದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಉಸಿರಾಡುವವನೂ ಅವನೇ, ಪೊಲೀಸರು ಬಂದಾಗ ಮೊದಲು ಕೈಗೆ ಸಿಗುವವನೂ ಅವನೇ.

ಹಾಗೆಂದು ಶೀಶಾ ಮರಳಲಿ ಎಂಬುದು ಈ ಬರಹದ ಆಶಯವಲ್ಲ. ಹಮ್ಮಸ್‌ಗೆ ಹೊಗೆ ಬೇಕಿಲ್ಲ, ತಾಜೀನಿನ ಪರಿಮಳಕ್ಕೆ ಕೊಳವೆಯ ಹಂಗಿಲ್ಲ, ದರ್ಬುಕಾದ ತಾಳ ಶುದ್ಧ ಗಾಳಿಯಲ್ಲಿ ಇನ್ನೂ ಚೆನ್ನಾಗಿಯೇ ಕೇಳುತ್ತದೆ. ಆದರೆ ನಿಷೇಧ ನ್ಯಾಯವೆನಿಸಬೇಕಾದರೆ ಕೊಳವೆಗೂ ಕಡ್ಡಿಗೂ ಒಂದೇ ಅಳತೆಗೋಲಿರಬೇಕು. ತಪಾಸಣೆ ಮೊದಲ ತಿಂಗಳ ಉತ್ಸಾಹಕ್ಕೆ ಮುಗಿಯಬಾರದು. ಕೆಲಸ ಕಳೆದುಕೊಂಡವನಿಗೆ ಅದೇ ಅಡುಗೆಮನೆಯಲ್ಲೋ ಬಡಿಸುವ ಕಡೆಯಲ್ಲೋ ಜಾಗ ಸಿಗುವಂತೆ ಮಾಲೀಕರೂ ಕಾರ್ಮಿಕ ಇಲಾಖೆಯೂ ನೋಡಿಕೊಳ್ಳಬೇಕು. ಜಹಾಂಗೀರನ ಆಜ್ಞೆ ಸೋತಿದ್ದು ಅದು ತಪ್ಪಾಗಿದ್ದರಿಂದಲ್ಲ. ಆಜ್ಞೆಯ ಆಚೆಗೆ ಅವನ ಬಳಿ ಬೇರೇನೂ ಇರಲಿಲ್ಲ.