ಪೋಲೆಂಡ್‌: ದೊಣ್ಣೆಗೆ ನಿಮಿಷ, ಕುಂಬಾರನಿಗೆ ವರ್ಷ

2015ರ ಡಿಸೆಂಬರ್‌ 2ರಂದು ಪೋಲೆಂಡ್‌ ಸಂಸತ್ತಿನ ಕೆಳಮನೆ ‘ಸೇಮ್‌’, ಸಂವಿಧಾನ ನ್ಯಾಯಮಂಡಳಿಗೆ ಐವರು ಹೊಸ ನ್ಯಾಯಮೂರ್ತಿಗಳನ್ನು ಆರಿಸಿತು. ಬೆಳಗಾಗುವುದರೊಳಗೆ ಅವರಲ್ಲಿ ನಾಲ್ವರಿಗೆ ಅಧ್ಯಕ್ಷ ಆಂಜೆ ದೂದಾ ಪ್ರಮಾಣವಚನ ಬೋಧಿಸಿಯೂ ಆಗಿತ್ತು. ಅಷ್ಟೊಂದು ಅವಸರಕ್ಕೆ ಕಾರಣವಿತ್ತು. ಆ ಸ್ಥಾನಗಳಿಗೆ ಹಿಂದಿನ ಸೇಮ್‌ ಆಗಲೇ ಐವರನ್ನು ಆರಿಸಿತ್ತು. ಆ ಆಯ್ಕೆ ಊರ್ಜಿತವೇ ಅಲ್ಲವೇ ಎಂಬ ತೀರ್ಪನ್ನು ನ್ಯಾಯಮಂಡಳಿ ಮರುದಿನ ಕೊಡುವುದಿತ್ತು. ತೀರ್ಪು ಹೊರಬೀಳುವ ಹೊತ್ತಿಗೆ ಕುರ್ಚಿಗಳು ಭರ್ತಿಯಾಗಿರಬೇಕಿತ್ತು, ಆದವು.

ಸರ್ವಾಧಿಕಾರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸೇನೆ, ಕರ್ಫ್ಯೂ, ಸೆರೆಮನೆ. ಯುರೋಪಿನಲ್ಲಿ ಈಗ ಅದು ನೇಮಕಾತಿ ಆದೇಶದ ರೂಪದಲ್ಲಿ ಬರುತ್ತಿದೆ. ಅದನ್ನು ಎದುರಿಸಿದ ದೇಶಗಳಲ್ಲಿ ಪೋಲೆಂಡಿನ ಅನುಭವವನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ಜನ ಎಂಟು ವರ್ಷಗಳ ಬಳಿಕ ಮತಪೆಟ್ಟಿಗೆಯ ಮೂಲಕವೇ ಆ ನೇಮಕಗಳ ಹಿಂದಿದ್ದ ಸರ್ಕಾರವನ್ನು ಇಳಿಸಿದರು. ಇಳಿಸಿದ ಮೇಲೂ ಹೋರಾಟ ಮುಗಿದಿಲ್ಲ.

ಮೊದಲು ಒಂದು ಸತ್ಯವನ್ನು ಹೇಳಿಬಿಡಬೇಕು. ಆ ಐದು ಕುರ್ಚಿಗಳ ವಿಷಯದಲ್ಲಿ ಮೊದಲು ಕೈ ಉದ್ದ ಮಾಡಿದ್ದು ಉದಾರವಾದಿ ‘ಸಿವಿಕ್‌ ಪ್ಲಾಟ್‌ಫಾರ್ಮ್‌’ ಪಕ್ಷ. 2015ರ ಅಕ್ಟೋಬರ್‌ನಲ್ಲಿ, ಸೋಲು ಖಚಿತವಾಗಿದ್ದಾಗ, ಅದರ ಮುಂದಾಳತ್ವದ ಕೂಟಕ್ಕೆ ಬಹುಮತವಿದ್ದ ಸೇಮ್‌ ತನಗೆ ಹಕ್ಕಿದ್ದ ಮೂರು ಸ್ಥಾನಗಳ ಜೊತೆಗೆ, ಮುಂದಿನ ಸೇಮ್‌ ಅವಧಿಯಲ್ಲಿ ತೆರವಾಗಬೇಕಿದ್ದ ಎರಡಕ್ಕೂ ತನ್ನವರನ್ನು ಆರಿಸಿತು. ಮೂವರ ಆಯ್ಕೆ ಸರಿ, ಇಬ್ಬರದು ತಪ್ಪು ಎಂದು ನ್ಯಾಯಮಂಡಳಿ ಡಿಸೆಂಬರ್‌ 3ರಂದು ಹೇಳಿತು. ಯಾರೊಸ್ವಾಫ್‌ ಕಚಿನ್‌ಸ್ಕಿ ಅವರ ‘ಕಾನೂನು ಮತ್ತು ನ್ಯಾಯ’ ಪಕ್ಷಕ್ಕೆ (ಪಿಸ್‌) ಆ ಎರಡು ಕುರ್ಚಿಗಳೇ ನೆಪವಾದವು. ಎರಡರ ತಪ್ಪನ್ನು ತೋರಿಸಿ ಅದು ಐದನ್ನೂ ಕಿತ್ತುಕೊಂಡಿತು. ಪ್ರಮಾಣದಲ್ಲಿ ಎರಡೂ ಪಕ್ಷಗಳ ತಪ್ಪು ಒಂದೇ ಅಲ್ಲ. ಆದರೆ ನಿಯಮದ ಪರ ನಿಲ್ಲುವವರು ಮಾಡಿದ ಸಣ್ಣ ತಪ್ಪಿಗೂ ಎಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಪಿಸ್‌ಗೆ 2015ರಲ್ಲಿ ಬಿದ್ದದ್ದು ಶೇ 37.6 ಮತ, ದಕ್ಕಿದ್ದು 460ರಲ್ಲಿ 235 ಸ್ಥಾನ. ಮಿತ್ರಕೂಟಗಳಿಗೆ ಶೇ 8ರ ಕನಿಷ್ಠ ಮಿತಿ ಇದೆ. ಎಡಪಕ್ಷಗಳ ಕೂಟ ಕೂದಲೆಳೆಯ ಅಂತರದಲ್ಲಿ ಅದನ್ನು ಮುಟ್ಟದೇ ಹೋಯಿತು, ಅದಕ್ಕೆ ಬಿದ್ದ ಮತವೆಲ್ಲ ಲೆಕ್ಕಕ್ಕಿಲ್ಲದಂತಾಯಿತು. ಮತ ಹಾಕಿದವರಲ್ಲಿ ಶೇ 62ಕ್ಕೂ ಹೆಚ್ಚು ಮಂದಿ ಒಪ್ಪದ ಪಕ್ಷಕ್ಕೆ ಪೂರ್ಣ ಬಹುಮತ ಸಿಕ್ಕಿದ್ದು ಹೀಗೆ. ಹಾಗೆಂದು ಪಿಸ್‌ಗೆ ಮತ ಹಾಕಿದವರೆಲ್ಲ ಸರ್ವಾಧಿಕಾರವನ್ನು ಬಯಸಿದವರಲ್ಲ. ಸಿವಿಕ್‌ ಪ್ಲಾಟ್‌ಫಾರ್ಮ್‌ನ ಡೊನಾಲ್ಡ್‌ ಟುಸ್ಕ್‌ ಅವರ ಸರ್ಕಾರ 2012ರಲ್ಲಿ ನಿವೃತ್ತಿ ವಯಸ್ಸನ್ನು 67ಕ್ಕೆ ಏರಿಸಿತ್ತು. ಪಿಸ್‌ ಅದನ್ನು ಮತ್ತೆ ಇಳಿಸಿತು. 2016ರಿಂದ ಎರಡನೇ ಮಗುವಿನಿಂದ ಮೊದಲ್ಗೊಂಡು ಪ್ರತಿ ಮಗುವಿಗೆ ತಿಂಗಳಿಗೆ 500 ಜ್ಲೋಟಿ ಕೊಟ್ಟಿತು, 2019ರಲ್ಲಿ ಅದನ್ನು ಎಲ್ಲ ಮಕ್ಕಳಿಗೂ ವಿಸ್ತರಿಸಿತು. ವಾರ್ಸಾದಿಂದ ದೂರದ ಸಣ್ಣ ಊರುಗಳ ಕುಟುಂಬಗಳಿಗೆ ಅದು ಸರ್ಕಾರದಿಂದ ಮೊದಲ ಬಾರಿ ಕೈಗೆ ಸಿಕ್ಕ ಗಟ್ಟಿ ನೆರವು. ಇದನ್ನು ‘ಮತ ಖರೀದಿ’ ಎಂದು ಹೀಗಳೆದ ನಗರದ ಮಂದಿ ಪಿಸ್‌ನ ಬಲವನ್ನು ಅರಿಯಲಿಲ್ಲ.

ಕುರ್ಚಿಗಳ ನಂತರ ತೀರ್ಪುಗಳ ಸರದಿ. 2016ರ ಮಾರ್ಚ್‌ 9ರಂದು ನ್ಯಾಯಮಂಡಳಿ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಾಗ, ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಲಿಲ್ಲ. ಅಚ್ಚಾಗದ ತೀರ್ಪು ಜಾರಿಗೆ ಬರುವುದಿಲ್ಲ. ‘ರಾಜೆಮ್‌’ ಎಂಬ ಸಣ್ಣ ಎಡಪಕ್ಷದ ಯುವಕರು ಆ ತೀರ್ಪಿನ ಪಠ್ಯವನ್ನು ಪ್ರಧಾನಿ ಕಚೇರಿಯ ಗೋಡೆಯ ಮೇಲೆಯೇ ಬೆಳಕಿನಲ್ಲಿ ಮೂಡಿಸಿದರು. ಮುಂದೆ ಕಾನೂನುಗಳು ಒಂದರ ಹಿಂದೊಂದು ಬಂದವು. ನ್ಯಾಯಾಧೀಶರ ನೇಮಕಕ್ಕೆ ಹೆಸರು ಸೂಚಿಸುವ ರಾಷ್ಟ್ರೀಯ ನ್ಯಾಯಾಂಗ ಮಂಡಳಿಯಲ್ಲಿ 15 ಮಂದಿ ನ್ಯಾಯಾಧೀಶರಿರುತ್ತಾರೆ. ಅವರನ್ನು ಆರಿಸುವ ಹಕ್ಕು ನ್ಯಾಯಾಧೀಶರಿಂದ ಸೇಮ್‌ಗೆ, ಅಂದರೆ ಬಹುಮತವಿದ್ದ ಪಕ್ಷಕ್ಕೆ ಹೋಯಿತು. ಬುಡ ಅಲುಗಿದ್ದು ಅಲ್ಲಿ. ಆಮೇಲೆ ಆ ಮಂಡಳಿಯ ಮೂಲಕ ನೇಮಕವಾದ, ಬಡ್ತಿ ಪಡೆದ ಪ್ರತಿ ನ್ಯಾಯಾಧೀಶರ ಸ್ಥಾನವೂ ಪ್ರಶ್ನಾರ್ಹವಾಯಿತು.

ಆ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಒಬ್ಬರು ಒಲ್‌ಶ್ಟಿನ್‌ ನಗರದ ನ್ಯಾಯಾಧೀಶ ಪಾವೆಲ್‌ ಯುಷ್ಚಿಷಿನ್‌. 2019ರ ನವೆಂಬರ್‌ನಲ್ಲಿ ಅವರ ಮುಂದೆ ಇದ್ದದ್ದು ಒಂದು ಸಾಮಾನ್ಯ ಸಿವಿಲ್‌ ಮೇಲ್ಮನವಿ. ಕೆಳಗಿನ ಕೋರ್ಟ್‌ನಲ್ಲಿ ಅದರ ತೀರ್ಪು ಕೊಟ್ಟವರ ನೇಮಕವಾಗಿದ್ದು ಹೊಸ ಮಂಡಳಿಯ ಮೂಲಕ. ಹಾಗಾದರೆ ಆ ಮಂಡಳಿಯ ಸದಸ್ಯರೇ ಕಾನೂನುಬದ್ಧವಾಗಿ ಆಯ್ಕೆಯಾದವರೇ? ಅವರ ಉಮೇದುವಾರಿಕೆಗೆ ಸಹಿ ಹಾಕಿದವರ ಪಟ್ಟಿಯನ್ನು ಹಾಜರುಪಡಿಸಿ ಎಂದು ಅವರು ಸೇಮ್‌ನ ಕಚೇರಿಗೆ ಆದೇಶಿಸಿದರು. ಅವರು ಕೇಳಿದ್ದು ಇಷ್ಟೇ. ಮೂರು ತಿಂಗಳೊಳಗೆ ಅವರನ್ನು ಅಮಾನತು ಮಾಡಲಾಯಿತು, ಸಂಬಳಕ್ಕೂ ಕತ್ತರಿ ಬಿತ್ತು. ಮತ್ತೆ ಪೀಠ ಏರಲು ಅವರು 2022ರವರೆಗೆ ಕಾಯಬೇಕಾಯಿತು.

ಇನ್ನೊಬ್ಬರು ಸುಪ್ರೀಂ ಕೋರ್ಟ್‌ ಮುಖ್ಯಸ್ಥೆಯಾಗಿದ್ದ ಮಾವ್ಗೊಜಾತಾ ಗೆರ್ಸ್‌ಡೋರ್ಫ್‌. ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸನ್ನು 70ರಿಂದ 65ಕ್ಕೆ ಇಳಿಸಿ, ಅವರನ್ನೂ ಮೂರನೇ ಒಂದಕ್ಕಿಂತ ಹೆಚ್ಚು ಸಹೋದ್ಯೋಗಿಗಳನ್ನೂ ಮನೆಗೆ ಕಳಿಸುವ ಕಾನೂನಿನ ಗಡುವು 2018ರ ಜುಲೈ ಆರಂಭದಲ್ಲಿ ಮುಗಿಯಿತು. ಅದರ ಮರುದಿನ ಅವರು ಎಂದಿನಂತೆ ಕೆಲಸಕ್ಕೆ ಬಂದರು. ಸಂವಿಧಾನ ನನಗೆ ಆರು ವರ್ಷಗಳ ಅವಧಿ ಕೊಟ್ಟಿದೆ, ಸಾಮಾನ್ಯ ಕಾನೂನೊಂದು ಅದನ್ನು ಮೊಟಕುಗೊಳಿಸಲಾರದು ಎಂಬುದು ಅವರ ನಿಲುವು. ಅಕ್ಟೋಬರ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಆ ಕಾನೂನಿಗೆ ಮಧ್ಯಂತರ ತಡೆ ಕೊಟ್ಟಿತು. ಸರ್ಕಾರ ಹಿಂದೆ ಸರಿಯಿತು. ಕರ್ನಾಟಕದವರಿಗೆ ಇಲ್ಲಿ 1973 ನೆನಪಾಗದೇ ಇರದು. ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಹೊರಬಿದ್ದ ಬೆನ್ನಿಗೇ, ಕರಾವಳಿಯ ಕೆ.ಎಸ್‌. ಹೆಗ್ಡೆ ಸೇರಿದಂತೆ ಮೂವರು ಹಿರಿಯರನ್ನು ಬದಿಗೊತ್ತಿ ಎ.ಎನ್‌. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಆ ರಾಜೀನಾಮೆಗಳಿಗೆ ಇದ್ದ ನೈತಿಕ ತೂಕವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕುರ್ಚಿಗಳನ್ನು ಭರ್ತಿ ಮಾಡುವುದೇ ಉದ್ದೇಶವಾಗಿರುವ ಸರ್ಕಾರದ ಎದುರು, ಕುರ್ಚಿ ಬಿಡದೇ ಕೂರುವುದು ಹೆಚ್ಚು ಫಲ ಕೊಟ್ಟಿತು ಎಂಬುದನ್ನು ವಾರ್ಸಾ ತೋರಿಸಿತು.

ಇಂಥ ಒಂಟಿ ಪ್ರತಿರೋಧಗಳು ಸರ್ಕಾರವನ್ನು ಬೀಳಿಸಲಿಲ್ಲ, ಸಮಯ ಗಳಿಸಿಕೊಟ್ಟವು. 2021ರ ಅಕ್ಟೋಬರ್‌ನಲ್ಲಿ ಐರೋಪ್ಯ ನ್ಯಾಯಾಲಯ ಪೋಲೆಂಡಿಗೆ ದಿನಕ್ಕೆ 10 ಲಕ್ಷ ಯೂರೊ ದಂಡ ಹಾಕಿದ್ದು ಈ ನ್ಯಾಯಾಧೀಶರು ಎತ್ತಿದ ಪ್ರಶ್ನೆಗಳ ಮುಂದುವರಿಕೆಯಾಗಿಯೇ.

ಚುನಾವಣೆಯ ಲೆಕ್ಕಾಚಾರ ಬೇರೆಯದು. ಸರ್ವಾಧಿಕಾರಿ ಪಕ್ಷದ ಎದುರು ಎಲ್ಲರೂ ಒಂದಾಗಬೇಕು ಎಂಬುದು ಮಂತ್ರದಂತೆ ಕೇಳಿಬರುವ ಸಲಹೆ. ಹಂಗೇರಿಯಲ್ಲಿ 2022ರಲ್ಲಿ ಆರು ವಿರೋಧ ಪಕ್ಷಗಳು ಒಂದೇ ಪಟ್ಟಿ ಮಾಡಿಕೊಂಡು ವಿಕ್ಟರ್‌ ಓರ್ಬಾನ್‌ ಎದುರು ನಿಂತವು; ಓರ್ಬಾನ್‌ ಮತ್ತೆ ಮೂರನೇ ಎರಡು ಬಹುಮತದೊಂದಿಗೆ ಗೆದ್ದರು. ಪೋಲೆಂಡಿನಲ್ಲಿ ಮರುವರ್ಷ ವಿರೋಧ ಪಕ್ಷಗಳು ಸೇಮ್‌ ಚುನಾವಣೆಗೆ ಮೂರು ಪ್ರತ್ಯೇಕ ಪಟ್ಟಿಗಳಲ್ಲಿ ನಿಂತವು. ಟುಸ್ಕ್‌ಗೆ ಮತ ಹಾಕಲು ಮನಸ್ಸಾಗದ ರೈತನಿಗೆ, ಸಂಪ್ರದಾಯಸ್ಥ ಕ್ಯಾಥೊಲಿಕ್‌ಗೆ ‘ಮೂರನೇ ದಾರಿ’ ಎಂಬ ಕೂಟವಿತ್ತು, ಶೇ 14.4 ಮತ ತಂದಿತು. ಅದೇ ದಿನ ನಡೆದ, ಕ್ಷೇತ್ರಕ್ಕೊಬ್ಬರೇ ಗೆಲ್ಲುವ ಮೇಲ್ಮನೆ ಸೆನೆಟ್‌ನ ಚುನಾವಣೆಗೆ ಮಾತ್ರ ಒಪ್ಪಂದ ಮಾಡಿಕೊಂಡು ಒಬ್ಬರಿಗೊಬ್ಬರು ಕ್ಷೇತ್ರ ಬಿಟ್ಟುಕೊಟ್ಟರು. ಪ್ರಮಾಣಾನುಗುಣ ಪದ್ಧತಿಯಲ್ಲಿ ಬಿಡಿಬಿಡಿ, ಏಕಸದಸ್ಯ ಕ್ಷೇತ್ರದಲ್ಲಿ ಒಟ್ಟಿಗೆ. ಒಗ್ಗಟ್ಟಿನ ಘೋಷಣೆಗಿಂತ ಈ ಲೆಕ್ಕ ಮುಖ್ಯವಾಯಿತು.

2023ರ ಅಕ್ಟೋಬರ್‌ 15ರಂದು ಶೇ 74.4ರಷ್ಟು ಮತದಾನವಾಯಿತು. ಕಮ್ಯುನಿಸ್ಟ್‌ ಆಡಳಿತವನ್ನು ಅಲುಗಿಸಿದ 1989ರ ಚುನಾವಣೆಯಲ್ಲೂ ಅಷ್ಟಾಗಿರಲಿಲ್ಲ. ವ್ರೊತ್ಸ್ವಾಫ್‌ ನಗರದ ಯಾಗೊದ್ನೊ ಬಡಾವಣೆಯ ಮತಗಟ್ಟೆಯಲ್ಲಿ ಸಾಲು ಕರಗುವಾಗ ನಸುಕಿನ ಮೂರು ಗಂಟೆ ಸಮೀಪಿಸಿತ್ತು. ಚಳಿಯಲ್ಲಿ ನಿಂತವರಿಗೆ ಅಲ್ಲಿನ ಪಿಜ್ಜಾ ಅಂಗಡಿಯವರು ಪುಕ್ಕಟೆಯಾಗಿ ತಿನ್ನಲು ಕೊಟ್ಟರು. ದೇಶದ ಫಲಿತಾಂಶದ ಅಂದಾಜು ಟಿ.ವಿ.ಯಲ್ಲಿ ಬಂದು ಗಂಟೆಗಳೇ ಕಳೆದಿದ್ದವು, ಆದರೂ ಅವರು ಸಾಲು ಬಿಡಲಿಲ್ಲ. ಮತಗಟ್ಟೆ ಸಮೀಕ್ಷೆಯ ಪ್ರಕಾರ 30 ವರ್ಷದೊಳಗಿನವರಲ್ಲಿ ಮತ ಹಾಕಿದವರು ಸುಮಾರು ಶೇ 69. ನಾಲ್ಕು ವರ್ಷ ಹಿಂದೆ ಅದು ಶೇ 46ರ ಆಸುಪಾಸಿನಲ್ಲಿತ್ತು. ಅವರಲ್ಲಿ ಅನೇಕರು, ವಿಶೇಷವಾಗಿ ಯುವತಿಯರು, ರಾಜಕೀಯಕ್ಕೆ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಪಿಸ್‌ ಹಿಡಿತದಲ್ಲಿದ್ದ ಸಂವಿಧಾನ ನ್ಯಾಯಮಂಡಳಿ ಗರ್ಭಪಾತವನ್ನು ಬಹುತೇಕ ನಿಷೇಧಿಸಿದ್ದು ಆಗ. ಕುರ್ಚಿಗಳ ಜಗಳ ಸಾಮಾನ್ಯ ಹೆಣ್ಣುಮಗಳ ಆಸ್ಪತ್ರೆಯ ಹಾಸಿಗೆಯವರೆಗೆ ಬಂದದ್ದೂ ಆಗಲೇ.

ಟುಸ್ಕ್‌ 2023ರ ಡಿಸೆಂಬರ್‌ 13ರಂದು ಮತ್ತೆ ಪ್ರಧಾನಿಯಾದರು. ಒಂದು ವಾರದಲ್ಲಿ ಅವರ ಸಂಸ್ಕೃತಿ ಸಚಿವರು ಸರ್ಕಾರಿ ಟಿ.ವಿ.ಯ ಆಡಳಿತ ಮಂಡಳಿಯನ್ನು ಕಂಪನಿ ಕಾನೂನಿನಡಿ ವಜಾ ಮಾಡಿದರು. ಸುದ್ದಿ ವಾಹಿನಿಯ ಪ್ರಸಾರವೇ ನಿಂತಿತು. ಆ ವಾಹಿನಿ ಎಂಟು ವರ್ಷ ಪಿಸ್‌ನ ತುತ್ತೂರಿಯಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಪಿಸ್‌ ವಿರುದ್ಧ ದನಿಯೆತ್ತಿದ್ದ ಹೆಲ್ಸಿಂಕಿ ಮಾನವ ಹಕ್ಕುಗಳ ಪ್ರತಿಷ್ಠಾನವೇ ಆ ಕ್ರಮದ ಕಾನೂನುಬದ್ಧತೆಯನ್ನು ಪ್ರಶ್ನಿಸಿತು. 2024ರ ಮಾರ್ಚ್‌ನಿಂದ ಸರ್ಕಾರ ಸಂವಿಧಾನ ನ್ಯಾಯಮಂಡಳಿಯ ತೀರ್ಪುಗಳನ್ನು ಗೆಜೆಟ್‌ನಲ್ಲಿ ಪ್ರಕಟಿಸುವುದನ್ನೂ ನಿಲ್ಲಿಸಿತು. ಅಕ್ರಮವಾಗಿ ಕೂತವರು ಕೊಟ್ಟದ್ದು ತೀರ್ಪೇ ಅಲ್ಲ ಎಂಬುದು ಅದರ ವಾದ. ವಾದದಲ್ಲಿ ಹುರುಳಿದೆ. ಆದರೆ ಎಂಟು ವರ್ಷ ಹಿಂದೆ ಯಾವ ನಡೆಯ ವಿರುದ್ಧ ಜನ ಗೋಡೆಯ ಮೇಲೆ ತೀರ್ಪು ಮೂಡಿಸಿದರೋ ಅದೇ ನಡೆಯನ್ನು ಈಗ ಅವರ ಪರವಾದ ಸರ್ಕಾರ ಅನುಸರಿಸಿತು. ಮುಂದೆ ಬರುವ ಯಾವ ಸರ್ಕಾರವಾದರೂ, ತನಗೆ ಹಿಡಿಸದ ನ್ಯಾಯಪೀಠವನ್ನು ‘ಅಕ್ರಮ’ ಎಂದು ಕರೆದು ತೀರ್ಪನ್ನು ಅಚ್ಚು ಹಾಕದೇ ಇರಬಹುದು. ಟುಸ್ಕ್‌ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಈ ನಡೆಯನ್ನು ಮಾತ್ರ ಒಪ್ಪಲಾರೆ.

ನೇರ ದಾರಿ ಮುಚ್ಚಿತ್ತು ಎಂಬುದೂ ನಿಜ. ನ್ಯಾಯಾಂಗ ಮಂಡಳಿಯ ಸದಸ್ಯರನ್ನು ನ್ಯಾಯಾಧೀಶರೇ ಆರಿಸುವ ಪದ್ಧತಿಯನ್ನು ಮರಳಿ ತರುವ ಮಸೂದೆಯನ್ನು ಅಧ್ಯಕ್ಷ ದೂದಾ ಅದೇ ಸಂವಿಧಾನ ನ್ಯಾಯಮಂಡಳಿಗೆ ಕಳಿಸಿ ನನೆಗುದಿಗೆ ಹಾಕಿದರು. ಅಧ್ಯಕ್ಷರ ವೀಟೊ ಮೀರಲು ಐದನೇ ಮೂರರಷ್ಟು, ಅಂದರೆ ಎಲ್ಲರೂ ಹಾಜರಿದ್ದರೆ 276 ಮತ ಬೇಕು. ಆಡಳಿತ ಕೂಟದ ಬಳಿ ಇದ್ದದ್ದು 248. ಇತ್ತ ಪ್ರಶ್ನಾರ್ಹ ನೇಮಕಾತಿ ಪಡೆದ ನ್ಯಾಯಾಧೀಶರು ಎರಡೂವರೆ ಸಾವಿರಕ್ಕೂ ಹೆಚ್ಚು. ಅವರು ವಿಚ್ಛೇದನ, ಆಸ್ತಿ, ಕೊಲೆ ಎಂದು ಬಗೆಬಗೆಯ ಪ್ರಕರಣಗಳಲ್ಲಿ ತೀರ್ಪು ಕೊಟ್ಟಿದ್ದಾರೆ. ಎಲ್ಲರನ್ನೂ ಒಂದೇ ಏಟಿಗೆ ತೆಗೆಯಿರಿ ಎಂಬ ಒತ್ತಾಯವಿತ್ತು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಪರಿಶೀಲಿಸದೆ ಸಾರಾಸಗಟಾಗಿ ತೆಗೆಯುವಂತಿಲ್ಲ ಎಂದು ವೆನಿಸ್‌ ಆಯೋಗ 2024ರ ಅಕ್ಟೋಬರ್‌ನಲ್ಲಿ ಹೇಳಿತು. ನಿಧಾನದ, ಬೇಸರದ ದಾರಿ ಅದು. ಅದನ್ನು ಬಿಟ್ಟರೆ ಇನ್ನೊಂದು ಇಲ್ಲ.

ಹಾಗಾದರೆ ಆ ನಿಧಾನವನ್ನು ಮತದಾರ ಎಷ್ಟು ದಿನ ಸಹಿಸುತ್ತಾನೆ? ನೂರು ದಿನಗಳಲ್ಲಿ ನೂರು ಕೆಲಸ ಎಂದು ಟುಸ್ಕ್‌ ಪಕ್ಷ ಭರವಸೆ ಕೊಟ್ಟಿತ್ತು, ಅದರಲ್ಲಿ ಬಹುಪಾಲು ಹಾಗೆಯೇ ಉಳಿಯಿತು. ಎಲ್ಲದಕ್ಕೂ ಅಧ್ಯಕ್ಷರೇ ಹೊಣೆಯಲ್ಲ. ಗರ್ಭಪಾತಕ್ಕೆ ನೆರವಾದವರನ್ನು ಜೈಲಿಗೆ ಹಾಕದಿರುವ ಮಸೂದೆ 2024ರ ಜುಲೈನಲ್ಲಿ 218–215 ಮತಗಳಿಂದ ಬಿದ್ದಾಗ, ಅದನ್ನು ಬೀಳಿಸಿದ್ದು ಆಡಳಿತ ಕೂಟದೊಳಗಿನ ರೈತ ಪಕ್ಷದ ಸದಸ್ಯರು. 2025ರ ಜೂನ್‌ 1ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನಲ್ಲಿ ಪಿಸ್‌ ಬೆಂಬಲಿತ ಕರೋಲ್‌ ನವ್ರೊತ್ಸ್‌ಕಿ ಶೇ 50.89 ಮತ ಪಡೆದು ಗೆದ್ದರು; ಮೊದಲ ಸುತ್ತಿನಲ್ಲಿ ಪಿಸ್‌ಗಿಂತಲೂ ಬಲಕ್ಕಿರುವ ಇಬ್ಬರು ಅಭ್ಯರ್ಥಿಗಳು ಸೇರಿ ಶೇ 20ಕ್ಕೂ ಹೆಚ್ಚು ಮತ ಬಾಚಿದ್ದರು. ಬಲಪಂಥದ ಮತಗಳನ್ನು ಸೆಳೆಯಲೆಂದು ಟುಸ್ಕ್‌ ಸರ್ಕಾರ ಬೆಲರೂಸ್‌ ಗಡಿಯಲ್ಲಿ ಆಶ್ರಯ ಕೇಳುವ ಹಕ್ಕನ್ನೇ ಅಮಾನತಿನಲ್ಲಿಟ್ಟಿತ್ತು. ಅದರಿಂದ ಆ ಮತಗಳು ಬರಲಿಲ್ಲ, ತನ್ನವರು ಮಾತ್ರ ಬೇಸರಗೊಂಡರು.

ಮುಂದಿನ ಸೇಮ್‌ ಚುನಾವಣೆ 2027ರಲ್ಲಿ. ನ್ಯಾಯಾಂಗದ ಮಸೂದೆಗಳನ್ನು ಅಧ್ಯಕ್ಷರು ತಡೆಯಬಹುದು, ಆದರೆ ಬಜೆಟ್‌ಗೆ ಅವರ ವೀಟೊ ತಾಗದು. ಆಸ್ಪತ್ರೆಯ ಸರದಿ, ಯುವಕರ ಕೈಗೆಟುಕದ ಮನೆ, ಹಳ್ಳಿಯಿಂದ ಪಟ್ಟಣಕ್ಕೆ ನಿಂತುಹೋದ ಬಸ್ಸು – ಇವುಗಳಿಗೆ ಹಣ ಎತ್ತಿಡಲು ಸರಳ ಬಹುಮತ ಸಾಕು. ಯಾಗೊದ್ನೊದಲ್ಲಿ ನಸುಕಿನವರೆಗೆ ನಿಂತವರಿಗೂ 500 ಜ್ಲೋಟಿಗಾಗಿ ಪಿಸ್‌ಗೆ ಮತ ಹಾಕಿದವರಿಗೂ ಆ ಬಸ್ಸು, ಆ ಮನೆ ಒಂದೇ ರೀತಿ ಬೇಕಿವೆ. ಟುಸ್ಕ್‌ ಬಳಿ ಅದಕ್ಕೆ ಬೇಕಾದಷ್ಟು ಮತಗಳು ಮೊದಲ ದಿನದಿಂದಲೂ ಇದ್ದವು.