ದನದ ಆಸ್ಪತ್ರೆಗೆ ಗಿನಿಪಿಗ್ ಬಂದರೆ...

ದಾವಣಗೆರೆಯಿಂದ ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸು. ಕಿಟಕಿ ಪಕ್ಕ ಕೂತ ಮಂಡಿಪೇಟೆಯ ಸಣ್ಣ ವ್ಯಾಪಾರಿಯೊಬ್ಬರ ತೊಡೆ ಮೇಲೆ ಒಂದು ರಟ್ಟಿನ ಡಬ್ಬ. ಡಬ್ಬದ ತುಂಬಾ ತೂತು. ಕಂಡಕ್ಟರ್ ಬಗ್ಗಿ ನೋಡಿದ.

‘ಏನ್ರೀ ಯಜಮಾನ್ರೆ, ಕೋಳಿ ಏನ್ರೀ?’

‘ಅಲ್ಲಪ್ಪ, ಗಿನಿಪಿಗ್ಗು. ಹುಷಾರಿಲ್ಲ. ಡಾಕ್ಟ್ರಿಗೆ ತೋರಿಸೋಕೆ ಹೊಂಟೀನಿ.’

‘ಪಿಗ್ಗಾ? ಹಂದಿನೆಲ್ಲಾ ಬಸ್ನಾಗೆ ಹಾಕ್ಕೊಂಡ್ ಬರಂಗಿಲ್ರೀ!’

ಬಸ್ಸಿಗೆ ಬಸ್ಸೇ ನಕ್ಕಿತು. ವ್ಯಾಪಾರಿ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮನೇಲಿ ಎರಡಿದ್ದವು. ಒಂದು ಹಿಂದಿನ ತಿಂಗಳೇ ಸತ್ತಿತ್ತು. ಅದು ಸತ್ತದ್ದು ರೋಗದಿಂದಲ್ಲ, ಔಷಧಿಯಿಂದ. ಅದು ಅವರಿಗೆ ಗೊತ್ತಾಗಿದ್ದು ತಡವಾಗಿ. ಎಂಟು ವರ್ಷದ ಮಗಳಿಗೆ ಇನ್ನೂ ಹೇಳಿಲ್ಲ.

ಗಿನಿಪಿಗ್ ಅಂದರೆ ಹಂದಿಯಲ್ಲ. ಇಲಿ, ಅಳಿಲುಗಳ ದೂರದ ನೆಂಟ. ಬಾಲವಿಲ್ಲ, ಕಾಲು ಗಿಡ್ಡ, ಸುಮಾರು ಒಂದು ಕೆಜಿ ತೂಗುವ ಸಾಧು ಪ್ರಾಣಿ. ಮೂಲ ಊರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಪೆರು ದೇಶದವರು ಸಾವಿರಾರು ವರ್ಷದಿಂದ ಅದನ್ನು ಸಾಕುತ್ತಾರೆ, ನಾವು ಕೋಳಿ ಸಾಕಿದ ಹಾಗೆ, ತಿನ್ನೋದಕ್ಕೇ. ನಮ್ಮ ಕಡೆ ಅದು ಮೊದಲು ಬಂದದ್ದು ಪ್ರಯೋಗಾಲಯಕ್ಕೆ. ಈಗ ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಗಳ ಪಂಜರದಲ್ಲಿ ಕೂತಿದೆ. ನಾಯಿ ಸಾಕೋಕೆ ಜಾಗವಿಲ್ಲದ ಬಾಡಿಗೆ ಮನೆಯವರು, ಮಕ್ಕಳ ಹಟಕ್ಕೆ ಸೋತ ಅಪ್ಪಂದಿರು ಒಯ್ಯುತ್ತಾರೆ. ಬೊಗಳೋದಿಲ್ಲ, ಕಚ್ಚೋದು ಅಪರೂಪ, ಸೊಪ್ಪು ಹಾಕಿದರೆ ಸಾಕು ಅಂತ ಅಂಗಡಿಯವನ ಮಾತು. ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹುಷಾರು ತಪ್ಪಿದರೆ ಎಲ್ಲಿಗೆ ಒಯ್ಯಬೇಕು ಅನ್ನೋದನ್ನು ಅವನೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಮೊದಲನೆಯದಕ್ಕೆ ಆದದ್ದಿಷ್ಟು. ಮೂಗಲ್ಲಿ ಸಿಂಬಳ, ಒಂದೆರಡು ಸೀನು. ಮನೇಲಿ ಮಗಳಿಗೆ ಕೆಮ್ಮು ಬಂದಾಗ ಕೊಟ್ಟ ಅಮಾಕ್ಸಿಸಿಲಿನ್ ಸಿರಪ್ಪು ಅರ್ಧ ಬಾಟಲಿ ಉಳಿದಿತ್ತು. ಮಗುವಿಗೆ ಆಗುವುದು ಈ ಪುಟ್ಟ ಜೀವಕ್ಕೆ ಆಗದೆ ಇರುತ್ತದೆಯೇ ಅಂತ ನಾಲ್ಕು ತೊಟ್ಟು ಕುಡಿಸಿದರು. ಮೂರು ದಿನ. ಮೂರನೆ ದಿನ ಭೇದಿ, ನಾಲ್ಕನೆ ದಿನ ಬೆಳಿಗ್ಗೆ ತಣ್ಣಗಾಗಿತ್ತು.

ಪೆನಿಸಿಲಿನ್ ಜಾತಿಯ ಔಷಧಿ ಗಿನಿಪಿಗ್‌ಗೆ ವಿಷ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಎರಡೂ ಅದೇ ಮನೆತನ. ಬೇರೆ ಮನೆತನದ ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಕೂಡ ಹಾಗೇ. ಆ ಪ್ರಾಣಿಯ ಹೊಟ್ಟೆಯಲ್ಲಿ ಹುಲ್ಲು ಕೊಳೆಸಿ ಅರಗಿಸುವ ಒಳ್ಳೆ ಬ್ಯಾಕ್ಟೀರಿಯಗಳಿವೆ. ಈ ಔಷಧಿ ಅವನ್ನು ಕೊಂದುಹಾಕುತ್ತದೆ. ಖಾಲಿಯಾದ ಜಾಗಕ್ಕೆ ವಿಷ ಉಗುಳುವ ಕ್ರಿಮಿ ಬಂದು ಕೂರುತ್ತದೆ. ನಾಲ್ಕೈದು ದಿನದಲ್ಲಿ ಕತೆ ಮುಗಿಯಿತು. ಇದೇನು ಹೊಸ ಸಂಶೋಧನೆಯಲ್ಲ ಸ್ವಾಮಿ, 1943ರಲ್ಲೇ ವಿಜ್ಞಾನಿಗಳು ಬರೆದಿಟ್ಟಿದ್ದಾರೆ. 1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಅವರ ಜೊತೆಯವರು ಪೆನಿಸಿಲಿನ್ನನ್ನು ಮೊದಲು ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಅವತ್ತು ಇಲಿಯ ಬದಲು ಗಿನಿಪಿಗ್ ಕೈಗೆ ಸಿಕ್ಕಿದ್ದರೆ, ಇದು ವಿಷ ಅಂತ ಆ ಔಷಧಿಯನ್ನೇ ಮೂಲೆಗೆ ಎಸೆಯುತ್ತಿದ್ದರೇನೋ!

ಹೀಗಿರುವಾಗ ಮೆಡಿಕಲ್ ಷಾಪಿನವರಿಗೆ ಒಂದು ಮಾತು ಹೇಳಲೇಬೇಕು. ಗಿರಾಕಿ ಬಂದು ‘ಮೊಲದಂಥಾದ್ದು ಒಂದು ಪ್ರಾಣಿ ಐತ್ರೀ, ಶೀತ ಆಗೇತಿ, ಏನಾದ್ರೂ ಕೊಡ್ರಿ’ ಅಂದರೆ ಕೈ ಕ್ಯಾಪ್ಸೂಲಿನ ಡಬ್ಬಕ್ಕೆ ಹೋಗಬಾರದು. ಚೀಟಿ ಇಲ್ಲದೆ ಮನುಷ್ಯರಿಗೇ ಆಂಟಿಬಯಾಟಿಕ್ ಕೊಡುವಂತಿಲ್ಲ ಎಂಬ ಕಾನೂನು ಹೇಗೆ ನಡೆಯುತ್ತಿದೆ ಅನ್ನೋದು ಎಲ್ಲರಿಗೂ ಗೊತ್ತು. ಅದು ಬೇರೆ ವಿಷಯ. ಈ ಪ್ರಾಣಿಗಂತೂ ಆ ಕ್ಯಾಪ್ಸೂಲು ನೇರವಾಗಿ ಕೊಲೆ.

ಡಾಕ್ಟರು ಯಾಕಿಲ್ಲ?

ಎರಡನೆಯದು ಮೇವು ಬಿಟ್ಟಾಗ ವ್ಯಾಪಾರಿ ಸಿರಪ್ಪಿನ ಗೊಡವೆಗೆ ಹೋಗದೆ ಪಶು ಆಸ್ಪತ್ರೆಗೆ ಹೋದರು. ಅಲ್ಲಿ ಡಾಕ್ಟರಿದ್ದರು. ಒಳ್ಳೆಯವರು ಕೂಡ. ಡಬ್ಬ ತೆಗೆದು ನೋಡಿ, ತಮಗೆ ಇದರ ಅನುಭವ ಇಲ್ಲವೆಂದು ನೇರವಾಗಿ ಹೇಳಿಬಿಟ್ಟರು. ಗೊತ್ತಿಲ್ಲದೆ ಸೂಜಿ ಚುಚ್ಚುವವರಿಗಿಂತ ಅಂಥವರು ಎಷ್ಟೋ ಮೇಲು.

ಅವರನ್ನು ಬಯ್ದು ಪ್ರಯೋಜನವಿಲ್ಲ. ಐದೂವರೆ ವರ್ಷದ ಪಶುವೈದ್ಯ ಓದಿನಲ್ಲಿ ಹಸು, ಎಮ್ಮೆ, ಕುರಿ, ಕೋಳಿ, ನಾಯಿಗೆ ಸಿಗುವ ಜಾಗ ದೊಡ್ಡದು. ಗಿನಿಪಿಗ್ ಬರುವುದು ಪ್ರಯೋಗಾಲಯದ ಪ್ರಾಣಿಗಳ ಪಾಠದಲ್ಲಿ, ಮೂಲೆಯಲ್ಲಿ. ಕೆಲಸಕ್ಕೆ ಸೇರಿದ ಮೇಲಂತೂ ಉಸಿರಾಡಲು ಬಿಡುವಿಲ್ಲ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ ಹಳ್ಳಿ ಹಳ್ಳಿ ತಿರುಗಿ ಹಾಕಬೇಕು. ಕೃತಕ ಗರ್ಭಧಾರಣೆ, ಕುರಿ ಸತ್ತರೆ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆ, ವಿಮೆ ಕಾಗದಕ್ಕೆ ಸಹಿ. 2022ರಲ್ಲಿ ಚರ್ಮಗಂಟು ರೋಗ ಬಂದು ದನ ಉರುಳಿದಾಗ ಈ ಡಾಕ್ಟರುಗಳು ಊಟ ನಿದ್ದೆ ಬಿಟ್ಟು ಓಡಾಡಿದ್ದನ್ನು ರೈತರೇ ನೋಡಿದ್ದಾರೆ. 5000 ಜಾನುವಾರುಗಳಿಗೆ ಒಬ್ಬ ಡಾಕ್ಟರು ಇರಬೇಕು ಅಂತ ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದ ಕುರಿಯೇ ಒಂದು ಕೋಟಿ ಮೀರಿದೆ. ಆಯೋಗದ ಆ ಲೆಕ್ಕ ಹಾಕುವಾಗ ಗಿನಿಪಿಗ್ ಯಾರ ತಲೆಯಲ್ಲೂ ಇರಲಿಲ್ಲ.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವ್ಯಾನು ಮನೆ ಬಾಗಿಲಿಗೆ ಬರುವ ಯೋಜನೆಯಿದೆ. ಒಳ್ಳೆ ಯೋಜನೆ. ಆದರೆ ಅದು ಮಾಡಿದ್ದು ಕೊಟ್ಟಿಗೆಯ ದನಕ್ಕಾಗಿ, ಲಕ್ಷ ಜಾನುವಾರಿಗೆ ಒಂದು ವ್ಯಾನು ಅನ್ನೋ ಲೆಕ್ಕದಲ್ಲಿ.

ಖಾಸಗಿ ಡಾಕ್ಟರುಗಳ ಲೆಕ್ಕ ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತದೆ. ಪೇಟೆಯಲ್ಲಿ ಷಾಪು ಹಾಕಿದವರಿಗೆ ನಾಯಿ, ಬೆಕ್ಕಿನ ಗಿರಾಕಿ ಸಾಲು. ಗಿನಿಪಿಗ್ ತಿಂಗಳಿಗೆ ಒಂದು ಬಂದರೆ ಹೆಚ್ಚು. ಪ್ರಾಣಿ ಕೊಂಡದ್ದು ನೂರರ ಲೆಕ್ಕದಲ್ಲಿ, ಚಿಕಿತ್ಸೆಗೆ ಸಾವಿರ ಅಂದರೆ ‘ಬಿಡ್ರಿ, ಬ್ಯಾರೆ ತಗಂತೀವಿ’ ಅನ್ನುವವರೇ ಬಹಳ. ಸರಕು ಹೋಗದ ಕಡೆ ಯಾರು ಬಂಡವಾಳ ಹಾಕುತ್ತಾರೆ? ಹಾಗಾಗಿ ಇಂಥ ಸಣ್ಣ ಪ್ರಾಣಿಗಳನ್ನು ಬಲ್ಲವರು ಬೆಂಗಳೂರಲ್ಲಿ ಕೆಲವರು ಸಿಗುತ್ತಾರೆ, 260 ಕಿಲೋಮೀಟರ್ ಆಚೆ. ಇಲ್ಲವೇ ಪಶುವೈದ್ಯ ಕಾಲೇಜಿರುವ ಶಿವಮೊಗ್ಗ. ಅದಕ್ಕೇ ಆ ಬೆಳಗಿನ ಬಸ್ಸು.

ಅಲ್ಲಿಯ ತನಕ ಮನೇಲಿ ಏನು ಮಾಡೋದು?

ಗಿನಿಪಿಗ್ ತನ್ನ ಕಾಯಿಲೆ ತೋರಿಸಿಕೊಳ್ಳುವುದಿಲ್ಲ. ಕಾಡಿನಲ್ಲಿ ಸೊರಗಿದ್ದು ಕಂಡರೆ ಹದ್ದು ಒಯ್ಯುತ್ತದೆ, ಆ ಭಯ ಇನ್ನೂ ರಕ್ತದಲ್ಲಿದೆ. ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಇದಕ್ಕೆ ಉಪಾಯ ಡಾಕ್ಟರ ಹತ್ತಿರ ಇಲ್ಲ, ದಿನಸಿ ಅಂಗಡಿಯ ತಕ್ಕಡಿಯಲ್ಲಿದೆ. ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. 900 ಗ್ರಾಂ ಇದ್ದದ್ದು 810ಕ್ಕೆ ಬಂತೋ, ಹತ್ತಕ್ಕೆ ಒಂದು ಪಾಲು ಹೋಯಿತು, ಅಪಾಯ ಅಂತಲೇ ಅರ್ಥ. ಗ್ರಾಂ ಲೆಕ್ಕದ ಎಲೆಕ್ಟ್ರಾನಿಕ್ ತಕ್ಕಡಿ ಈಗ ಯಾವ ಅಂಗಡಿಯಲ್ಲಿಲ್ಲ?

ಇನ್ನೊಂದು, ಮೇವು. ಹಸು ಒಂದು ದಿನ ಮೇವು ಬಿಟ್ಟರೆ ನಾಳೆ ನೋಡೋಣ ಅನ್ನಬಹುದು. ಇದಕ್ಕೆ ಆ ಮಾತಿಲ್ಲ. ಅರ್ಧ ದಿನ ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಜೀವ ನಿಲ್ಲುತ್ತದೆ. ಹಿಕ್ಕೆ ಸಣ್ಣಗಾಯಿತೇ, ನಿಂತೇ ಹೋಯಿತೇ ಅಂತ ನೋಡುತ್ತಿರಬೇಕು. ಬಸ್ಸು ಸಿಗುವ ತನಕ ಬಾಯಿಗೆ ಕೊಡುವ ಕ್ರಮ ಹೀಗೆ. ಅದು ತಿನ್ನುವ ಪೆಲೆಟ್ ಮೇವನ್ನೇ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ ಮಿಕ್ಸಿಗೆ ಹಾಕಿ ಗಂಜಿ ಮಾಡುವುದು. ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಅರ್ಧ ಮಿಲಿ ಬಿಟ್ಟು, ಅಗಿದು ನುಂಗಿದ ಮೇಲೆ ಮತ್ತೆ ಅರ್ಧ ಮಿಲಿ. ಕೆಜಿ ತೂಕಕ್ಕೆ ದಿನಕ್ಕೆ ಒಟ್ಟು 50ರಿಂದ 80 ಮಿಲಿ, ಮೂರು ನಾಲ್ಕು ತಾಸಿಗೊಮ್ಮೆ, ರಾತ್ರಿಯೂ ಎದ್ದು. ಮಗುವಿಗೆ ಹಾಲು ಕುಡಿಸಿದ ಹಾಗೆ ಮಲಗಿಸಿ ಕುಡಿಸಬಾರದು, ಶ್ವಾಸಕ್ಕೆ ಹೋಗುತ್ತದೆ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಏನೂ ಕೊಡದೆ ಸೀದಾ ಡಾಕ್ಟರ ಹತ್ತಿರ.

ವಿಟಮಿನ್ ಸಿ ಅಂತೂ ಮರೆಯಕೂಡದು. ಮನುಷ್ಯನ ಹಾಗೆ ಇದರ ಮೈಯೂ ಅದನ್ನು ತಾನೇ ತಯಾರಿಸಿಕೊಳ್ಳುವುದಿಲ್ಲ. ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗದ ಗುಟ್ಟು ಸಿಕ್ಕಿದ್ದೇ 1907ರಲ್ಲಿ ನಾರ್ವೆಯ ಇಬ್ಬರು ಈ ಪ್ರಾಣಿಗೆ ಬರೀ ಕಾಳು ಹಾಕಿ ನೋಡಿದಾಗ. ಅಂಥ ಉಪಕಾರಿಗೆ ನಮ್ಮವರು ಬ್ರೆಡ್ಡು, ಬಿಸ್ಕತ್ತು ಹಾಕಿ ಸ್ಕರ್ವಿ ತರಿಸುತ್ತಾರೆ! ಕೀಲು ಊದಿ, ಮುಟ್ಟಿದರೆ ಕಿರುಚಿ, ಕುಂಟುತ್ತಾ ಮೂಲೆ ಸೇರಿದರೆ ಮೊದಲ ಅನುಮಾನ ಅದೇ. ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆ ಬಿದ್ದಾಗ ಇನ್ನೂ ಹೆಚ್ಚು. ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು, ಸೀಬೆಕಾಯಿ ಚೂರು ದಿನಾ ಹಾಕಿದರೆ ಆಯಿತು. ನೀರಿಗೆ ಮಾತ್ರೆ ಕದಡಿ ಇಡುವುದು ದಂಡ, ಸತ್ವ ಬೇಗ ಹೋಗುತ್ತದೆ. ಮಕ್ಕಳ ಮಲ್ಟಿವಿಟಮಿನ್ ಡ್ರಾಪ್ಸ್ ಬೇಡ, ಅದರಲ್ಲಿರುವ ಎ ಮತ್ತು ಡಿ ಜಾಸ್ತಿಯಾಗಿ ಬೇರೆ ಕೇಡು.

ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಒರಟು ಹುಲ್ಲು ಅಗಿದು ಅಗಿದು ಸವೆಯಬೇಕು. ಬರೀ ಮೆತ್ತನೆ ಮೇವು ಹಾಕಿದರೆ ಒಳಗಿನ ದವಡೆ ಹಲ್ಲು ಬೆಳೆದು ನಾಲಿಗೆಗೆ ಅಡ್ಡ ಬರುತ್ತದೆ. ಹಸಿವಿದ್ದು ಹತ್ತಿರ ಬರುತ್ತದೆ, ಮೂಸುತ್ತದೆ, ತಿನ್ನಲಾರದೆ ಹಿಂದೆ ಸರಿಯುತ್ತದೆ. ನಮ್ಮ ಕಡೆ ಪೇಟೆಯಲ್ಲಿ ಮಾರುವ ಪರದೇಶದ ಒಣಹುಲ್ಲು ದುಬಾರಿ. ಔಷಧಿ ಸಿಂಪಡಿಸದ ಕಡೆಯ ಗರಿಕೆ, ರೈತರು ಹಸುವಿಗೆ ಬೆಳೆಯುವ ನೇಪಿಯರ್, ಗಿನಿ ಹುಲ್ಲು ಬಿಟ್ಟಿ ಸಿಗುತ್ತದೆ. (ಹುಲ್ಲಿಗೂ ಪ್ರಾಣಿಗೂ ಹೆಸರು ಒಂದೇ, ನೆಂಟಸ್ತಿಕೆ ಏನೂ ಇಲ್ಲ. ಹುಲ್ಲು ಬಂದದ್ದು ಆಫ್ರಿಕದಿಂದ.) ಕುದುರೆ ಮೆಂತೆ ಮರಿಗೆ ಒಳ್ಳೆಯದು, ದೊಡ್ಡದಕ್ಕೆ ದಿನಾ ಹಾಕಿದರೆ ಸುಣ್ಣದಂಶ ಹೆಚ್ಚಿ ಮೂತ್ರಕೋಶದಲ್ಲಿ ಕಲ್ಲು.

ದಾವಣಗೆರೆಯ ಏಪ್ರಿಲ್ ಬಿಸಿಲು ಯಾರಿಗೆ ಗೊತ್ತಿಲ್ಲ. ಬೆಟ್ಟದ ತಂಪಿನ ಪ್ರಾಣಿಗೆ 30 ಡಿಗ್ರಿಯೇ ಕಷ್ಟ. ತಗಡಿನ ಶೀಟಿನ ಕೆಳಗೆ ಪಂಜರ ಇಟ್ಟರೆ ಒಂದು ಮಧ್ಯಾಹ್ನ ಸಾಕು. ಮೊಲದ ಜೊತೆ ಒಂದೇ ಪಂಜರದಲ್ಲಿ ಇಡುವುದೂ ತಪ್ಪು. ಮೊಲಕ್ಕೆ ಏನೂ ಮಾಡದ ಒಂದು ಕ್ರಿಮಿ ಇದಕ್ಕೆ ನ್ಯುಮೋನಿಯಾ ತರುತ್ತದೆ. ಅಂಗಡಿಗಳಲ್ಲಿ ಎರಡನ್ನೂ ಒಟ್ಟಿಗೇ ತುಂಬಿರುವುದನ್ನು ಯಾರೂ ನೋಡಬಹುದು.

ಅಂಗಡಿ ಅಂದ ಮೇಲೆ ಇನ್ನೊಂದು ಮಾತು. ಸಾಕುಪ್ರಾಣಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಲೆಕ್ಕ ಇಡಬೇಕು ಅಂತ 2018ರಲ್ಲೇ ಕೇಂದ್ರದ ನಿಯಮ ಬಂದಿದೆ. ನಿಯಮದ ಪ್ರತಿಯನ್ನು ಗೋಡೆಗೆ ಅಂಟಿಸುವುದು ಆಮೇಲಿರಲಿ. ಮಾರುವಾಗ ಗಿರಾಕಿ ಕೈಗೆ ಅರ್ಧ ಹಾಳೆಯ ಚೀಟಿ ಕೊಡುವುದಕ್ಕೆ ಎಷ್ಟು ಖರ್ಚು? ‘ಪೆನಿಸಿಲಿನ್, ಅಮಾಕ್ಸಿಸಿಲಿನ್ ಬೇಡ. ದಿನಾ ಹುಲ್ಲು, ದಿನಾ ಸಿ ವಿಟಮಿನ್. ಅರ್ಧ ದಿನ ತಿನ್ನದಿದ್ದರೆ ಡಾಕ್ಟರು.’ ಇಷ್ಟೇ ಮೂರು ಸಾಲು. ಸರ್ಕಾರಿ ಕಡೆಯವರೂ ಕೈಯಲ್ಲಿ ಆಗುವುದನ್ನು ಮಾಡಬಹುದು. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಸಣ್ಣ ಪ್ರಾಣಿಗಳಿಗೆ ಅಂತ ಗೊತ್ತು ಮಾಡಿ, ಅಲ್ಲಿಯ ಡಾಕ್ಟರು ಕಾಲೇಜಿನವರ ಜೊತೆ ಫೋನಿನಲ್ಲಿ ಮಾತಾಡಿ, ಫೋಟೋ ಕಳಿಸಿ ಔಷಧಿ ಬರೆದರೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಗಿನಿಪಿಗ್‌ಗೆ ಆಗುವ ಆಂಟಿಬಯಾಟಿಕ್ಕುಗಳು ಬೇರೆ ಇವೆ. ಅವು ಪಶು ಆಸ್ಪತ್ರೆಗೆ ಹೊಸದೂ ಅಲ್ಲ. ತೂಕಕ್ಕೆ ತಕ್ಕ ಅಳತೆ ಹೇಳುವವರು ಬೇಕು, ಅಷ್ಟೇ.

‘ದನಕ್ಕೇ ಡಾಕ್ಟ್ರಿಲ್ಲ, ಇಲಿಗೆ ಯಾಕ್ರೀ ಡಾಕ್ಟ್ರು’ ಅಂತ ಬಸ್ಸಿನಲ್ಲಿ ಒಬ್ಬ ರೈತರು ಕೇಳಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಹಸು ಸತ್ತರೆ ಒಂದು ಮನೆಯ ಅನ್ನ ಹೋಗುತ್ತದೆ. ಹಸುವಿನ ಪಾಲಿನ ಡಾಕ್ಟರನ್ನು ಕಿತ್ತು ಗಿನಿಪಿಗ್‌ಗೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ಮಾರಾಟಕ್ಕೆ ಬಿಟ್ಟ ಮೇಲೆ, ಕೊಂಡವರು ಕೇಳುವ ಜಾಗವೊಂದು ಇರಲಿ ಅಂತ ಅಷ್ಟೇ. ವ್ಯಾಪಾರಿ ರೈತರಿಗೆ ಉತ್ತರ ಕೊಡಲಿಲ್ಲ, ಡಬ್ಬದ ಮುಚ್ಚಳ ಸ್ವಲ್ಪ ತೆರೆದು ತೋರಿಸಿದರು. ಕಂದು ಬಿಳುಪಿನ ಮುದ್ದೆ, ಕಣ್ಣು ಅರ್ಧ ಮುಚ್ಚಿದ್ದು. ರೈತರು ಕೈ ಹಾಕಿ ಹೊಟ್ಟೆ ಮುಟ್ಟಿ ನೋಡಿ, ‘ಉಬ್ಬರ ಇಲ್ಲ ಬಿಡ್ರಿ, ಉಳೀತೈತಿ’ ಅಂದರು.

ಶಿವಮೊಗ್ಗದಲ್ಲಿ ಬಾಯಿ ತೆರೆಸಿ ದೀಪ ಹಾಕಿ ನೋಡಿದಾಗ ಸಿಕ್ಕಿದ್ದು ದವಡೆ ಹಲ್ಲು. ಮಂಪರು ಕೊಟ್ಟು ಉಜ್ಜಿ ಸರಿ ಮಾಡಿದರು. ಸಿ ವಿಟಮಿನ್ ಬರೆದರು, ಬ್ರೆಡ್ಡು ಬಂದ್ ಅಂದರು. ಬಸ್ ಚಾರ್ಜು, ಚಿಕಿತ್ಸೆ, ಊಟ ಎಲ್ಲಾ ಸೇರಿ ಪ್ರಾಣಿಯ ಬೆಲೆಯ ಎರಡರಷ್ಟಾಯಿತು, ಒಂದು ದಿನದ ಅಂಗಡಿ ಬಾಗಿಲೂ ಮುಚ್ಚಿತ್ತು. ಸಂಜೆ ಬಸ್ಸು ಹೊನ್ನಾಳಿಯ ಹೊಳೆ ದಾಟುವ ಹೊತ್ತಿಗೆ ಡಬ್ಬದೊಳಗೆ ಕೊತ್ತಂಬರಿ ಕಡ್ಡಿ ಅಗಿಯುವ ಸದ್ದು. ಜೇಬಿನಲ್ಲಿದ್ದ ಚೀಟಿಯ ಕೊನೆ ಸಾಲಿನಲ್ಲಿ, ಆರು ವಾರ ಬಿಟ್ಟು ಹಲ್ಲು ನೋಡಲು ಮತ್ತೆ ತರಬೇಕು ಅಂತ ಬರೆದಿತ್ತು.