‘ನಿರ್ಜನ’ ಅಂತ ಬರೆಯುವ ಮುನ್ನ

ಕನ್ನಡದ ಪ್ರವಾಸ ಬರಹಗಳಿಂದ ಒಂದು ಪದವನ್ನು ಕೆಲವು ವರ್ಷ ಹೊರಗಿಡಬೇಕು. ಆ ಪದ ‘ನಿರ್ಜನ’. ಮಕ್ಕಳ ಮನೆಗೆಂದು ಉತ್ತರ ಅಮೆರಿಕಕ್ಕೆ ಹೋದವರು ಸುಪೀರಿಯರ್ ಸರೋವರದ ದಡ ಕಂಡು ಬಂದರೆ ಅದು ಬಂದೇ ಬರುತ್ತದೆ. ಸಮುದ್ರದಂಥ ನೀರು, ಸುತ್ತ ಮುಗಿಯದ ಕಾಡು, ನರಪಿಳ್ಳೆ ಇಲ್ಲ, ಪ್ರಕೃತಿ ಹುಟ್ಟಿದಾಗ ಇದ್ದಂತೆಯೇ ಇದೆ.

ಆ ದಡದಲ್ಲಿ ಕೆನಡಾದ ಥಂಡರ್ ಬೇ ಎಂಬ ಬಂದರು ನಗರವಿದೆ. ಬಯಲು ಸೀಮೆಯ ಗೋಧಿ ರೈಲಿನಲ್ಲಿ ಬಂದು, ಗೋಪುರದಂಥ ಕಣಜಗಳಲ್ಲಿ ತುಂಬಿ, ಹಡಗು ಹತ್ತಿ ಹೋಗುವ ಜಾಗ. ಎದುರಿಗೆ ನೀರಿನಲ್ಲಿ ಮಲಗಿದ ಮನುಷ್ಯನಂತೆ ಕಾಣುವ ಬಂಡೆಗುಡ್ಡಕ್ಕೆ ಪ್ರವಾಸಿಗರು ‘ಮಲಗಿದ ದೈತ್ಯ’ ಅನ್ನುತ್ತಾರೆ. ಅಲ್ಲಿನ ಅನಿಶಿನಾಬೆ ಜನಕ್ಕೆ ಅದು ನಾನಬಿಜು, ಅದಕ್ಕೊಂದು ಕಥೆಯಿದೆ. ಈ ಜನ 1850ರಲ್ಲಿ ಬ್ರಿಟಿಷ್ ಆಡಳಿತದ ಜೊತೆ ಒಪ್ಪಂದ ಮಾಡಿಕೊಂಡು ತಮಗೊಂದಿಷ್ಟು ನೆಲ ಉಳಿಸಿಕೊಂಡಿದ್ದರು. 1905ರಲ್ಲಿ ರೈಲು ಕಂಪನಿಗೆ ಜಾಗ ಬೇಕಾಯಿತು. ಅವರ ಊರನ್ನೇ ಎಬ್ಬಿಸಲಾಯಿತು. ಜನ ಇದ್ದರು, ಎಬ್ಬಿಸಿದರು, ಆಮೇಲೆ ನಾವು ಹೋಗಿ ‘ಯಾರೂ ಇಲ್ಲ’ ಅಂತ ಬರೆದೆವು.

ದೂರದ ಕಥೆ ಬಿಡಿ ಅನ್ನಬಹುದು. ನಮ್ಮಲ್ಲೂ ನಡೆಯುತ್ತಿರುವುದು ಇದೇ. ಕಲಬುರಗಿಯಿಂದ ಬೆಳಿಗ್ಗೆ ಹೊರಟು, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು, ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯಕ್ಕೆ ಹೋಗುವವರು ಈಗ ಹೆಚ್ಚಾಗಿದ್ದಾರೆ. ಸಂತೋಷ. ಬರೀ ಬಿಸಿಲು, ಧೂಳು ಎಂದು ಬೈಸಿಕೊಂಡ ಜಿಲ್ಲೆಯಲ್ಲಿ ಕಾಡಿದೆ, ತೋಳವಿದೆ, ಕತ್ತೆಕಿರುಬವಿದೆ ಅಂತ ಜಗತ್ತಿಗೆ ಗೊತ್ತಾಗಲಿ. 2011ರಲ್ಲಿ ಅದು ವನ್ಯಜೀವಿ ಧಾಮವೂ ಆಯಿತು. ಆದರೆ ಹೋಗಿ ಬಂದವರ ಬರಹದಲ್ಲಿ ಮತ್ತೆ ಅದೇ: ನೀರವ, ನಿರ್ಜನ, ಮಲೆನಾಡಿನಂತೆ.

ಆ ಕಾಡಿನೊಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ದೀಪಾವಳಿ ಮುಗಿದರೆ ಜನ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಪ್ರವಾಸಿಗರು ಬರುವುದೂ ಚಳಿಗಾಲದಲ್ಲೇ. ಬೀಗ ಬಿದ್ದ ಮನೆ ಕಂಡವರಿಗೆ ಅದು ಶಾಂತಿ. ಅದು ಶಾಂತಿಯಲ್ಲ, ಗುಳೆ.

ಒಂದು ಪದಕ್ಕೆ ಇಷ್ಟು ಜಗಳವೇಕೆ? ಕಾನೂನು ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದವರು ಆ ದಿನಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಇದ್ದರೆಂದು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಪಕ್ಕದ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಗಡಿಯ ಆಚೆ ಒಂದು ಲೆಕ್ಕ, ಈಚೆ ಒಂದು ಲೆಕ್ಕ. ಓದು ಬರಹ ಸಿಗದ ಅಜ್ಜ 1930ರ ಕಾಗದ ಎಲ್ಲಿಂದ ತರಬೇಕು? ಗೆಜೆಟಿಯರ್, ಸಂಶೋಧನಾ ಅಧ್ಯಯನ, ಹಿರಿಯರ ಹೇಳಿಕೆಯ ಬರಹರೂಪ, ಇವೆಲ್ಲ ಪುರಾವೆ ಆಗಬಲ್ಲವು ಅಂತ ನಿಯಮವೇ ಹೇಳುತ್ತದೆ. ಅಂದರೆ ಬರೆದಿಟ್ಟದ್ದಕ್ಕೆ ಬೆಲೆಯಿದೆ. ಬರೆಯದೆ ಬಿಟ್ಟದ್ದಕ್ಕೆ ಬೆಲೆ ತೆರುವವರು ತಾಂಡಾದವರು.

ನೀವು ಪ್ರಾಣಿಗಳ ವಿರೋಧಿಯೇ ಅಂತ ಕೇಳುವವರಿದ್ದಾರೆ. ಅಲ್ಲ. ಕತ್ತೆಕಿರುಬ ಉಳಿಯಬೇಕು. ಆದರೆ ಅದನ್ನು ಉಳಿಸುವ ಮಾತುಕತೆಯಲ್ಲಿ ಅದರ ನೆರೆಮನೆಯವರೂ ಕೂಡಬೇಕು. ಅವರು ಅಲ್ಲಿ ಇಲ್ಲವೇ ಇಲ್ಲ ಅಂತ ಮೊದಲೇ ಬರೆದುಬಿಟ್ಟರೆ ಯಾರನ್ನು ಕರೆಯುವುದು? ಪ್ರವಾಸ ಬರಹ ಸೌಂದರ್ಯದ ಮಾತು, ಅದಕ್ಕೆ ರಾಜಕೀಯ ಅಂಟಿಸಬೇಡಿ ಎನ್ನುವವರಿಗೂ ಒಂದು ಮಾತು: ನೋಟದಿಂದ ಮನುಷ್ಯರನ್ನು ತೆಗೆದುಹಾಕಿದ್ದು ನಾವಲ್ಲ, ನೀವು. ರಾಜಕೀಯ ಅಲ್ಲೇ ಶುರುವಾಯಿತು.

ಕೆಲಸ ದೊಡ್ಡದೇನಲ್ಲ. ಚಂದ್ರಂಪಳ್ಳಿಗೆ ಹೋದವರು ದಾರಿಯ ತಾಂಡಾದ ಹೆಸರು ಕೇಳಿ ಬರೆಯಲಿ. ಬೀಗ ಯಾವ ತಿಂಗಳು ಬಿತ್ತು, ಯಾವ ತಿಂಗಳು ತೆಗೆಯುತ್ತಾರೆ ಅಂತ ಮುದುಕರನ್ನು ಕೇಳಲಿ. ಬಾಳೆಹಣ್ಣು ಮಾರಿದಾಕೆ ಯಾವ ಊರಿನವಳು ಅಂತ ತಿಳಿಯಲಿ. ಥಂಡರ್ ಬೇಗೆ ಹೋದವರು ನಾನಬಿಜು ಹೆಸರನ್ನಾದರೂ ತರಲಿ. ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ಹಿರಿಯರ ಹೇಳಿಕೆಗಳನ್ನು ದಿನಾಂಕ ಹಾಕಿ ದಾಖಲಿಸಲಿ, ಅವರಿಗೆ ವಯಸ್ಸಾಗುತ್ತಿದೆ. ಸಂಪಾದಕರು ‘ನಿರ್ಜನ’ ಕಂಡಲ್ಲಿ ಲೇಖಕರಿಗೆ ಒಂದೇ ಪ್ರಶ್ನೆ ಕೇಳಲಿ: ಅಲ್ಲಿದ್ದವರು ಎಲ್ಲಿ ಹೋದರು?